ವಾಪಸಮ್ಮ ಹುಡುಕಿದ ವಿಳಾಸಗಳು

ಅವಳಿಗೆ ಆ ಹೆಸರು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ವಾರಪತ್ರಿಕೆಯೊಂದರ ಕಚೇರಿಯಲ್ಲಿ ಅವಳ ಕೆಲಸವೇ ಅದಾಗಿತ್ತು. ಸಂಪಾದಕರು ಬೇಡವೆಂದ ಕಥೆ, ಕವನ, ಪ್ರಬಂಧಗಳನ್ನು ಬರೆದವರ ಮನೆಗೆ ಮರಳಿ ಕಳಿಸುವುದು. ಮೊದಮೊದಲು ಕಚೇರಿಯವರು "ವಾಪಸು ಕಳಿಸೋ ಅಮ್ಮ" ಅನ್ನುತ್ತಿದ್ದರು. ಅಷ್ಟುದ್ದ ಹೇಳುವ ವ್ಯವಧಾನ ಯಾರಿಗಿದೆ? ನಡುವಿನದನ್ನು ನುಂಗಿ "ವಾಪಸಮ್ಮ" ಅಂದರು. ಮದುವೆಯಾಗಿ ಇನ್ನೂ ಹೊಸತು, ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಆಗಲೇ ಅಮ್ಮನಾಗಿಬಿಟ್ಟಳು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಟೆಲಿಫೋನು ಎತ್ತಿದಾಗ ತಾನೇ "ನಾನು ವಾಪಸಮ್ಮ ಮಾತಾಡ್ತಿರೋದು" ಅನ್ನತೊಡಗಿದಳು.

ಅವಳ ಮೇಜು ಇದ್ದದ್ದು ಕೈತೊಳೆಯುವ ತೊಟ್ಟಿಗೂ ಮೆಟ್ಟಿಲಿಗೂ ನಡುವೆ. ಊಟ ಮುಗಿಸಿ ಬಂದವರು ಕೈ ಒದರಿದರೆ ಹನಿಗಳು ಬಂದು ಬೀಳುತ್ತಿದ್ದದ್ದು ಕವಿತೆಗಳ ಮೇಲೆ. ಅದಕ್ಕೆಂದು ಕಟ್ಟುಗಳ ಮೇಲೆ ಒಂದು ಹಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಟ್ಟಿದ್ದಳು. ಕೆಲಸ ಸುಲಭದ್ದು. ಬರಹ ತೆಗೆದುಕೊಂಡು, "ಪ್ರಕಟಿಸಲಾಗುತ್ತಿಲ್ಲವೆಂದು ವಿಷಾದಿಸುತ್ತೇವೆ" ಎಂದು ಅಚ್ಚಾದ ಚೀಟಿಯನ್ನು ಅದಕ್ಕೆ ಸಿಕ್ಕಿಸಿ, ಲಕೋಟೆಗೆ ಹಾಕಿ, ಅಂಟಿಸಿದರೆ ಆಯಿತು. ಓದಬೇಕೆಂದು ಯಾರೂ ಹೇಳಿರಲಿಲ್ಲ. ಓದಬಾರದೆಂದೂ ಹೇಳಿರಲಿಲ್ಲ. ಅವಳು ಓದಿದಳು.

ಓದುತ್ತ ಹೋದಂತೆ ಒಂದು ವಿಷಯ ಅವಳಿಗೆ ಹೊಳೆಯಿತು. ವಾಪಸಾಗುವುದೆಲ್ಲ ಕೆಟ್ಟದ್ದಲ್ಲ. ಕೆಟ್ಟದ್ದೂ ಇತ್ತು, ಬೇಕಾದಷ್ಟಿತ್ತು. ಆದರೆ ಎಷ್ಟೋ ಬರಹಗಳು ತಪ್ಪು ಬಾಗಿಲು ತಟ್ಟಿ ಬಂದಂಥವು. ಅವರ ಪತ್ರಿಕೆಗೆ ಬೇಕಾಗಿದ್ದದ್ದು ಅತ್ತು ಕರೆದು ಕೊನೆಗೆ ಒಂದಾಗುವ ಸಂಸಾರದ ಕಥೆಗಳು. ಅಂಥ ಕಡೆಗೆ ಯಾರೋ ಪಾಪ, ಇರುವೆಗಳ ಬಗ್ಗೆ ಸೊಗಸಾಗಿ ಬರೆದು ಕಳಿಸಿರುತ್ತಿದ್ದರು. ಇನ್ನೊಬ್ಬರು ಒಂದೇ ಅಂಕದ ನಾಟಕ. ಮತ್ತೊಬ್ಬರು ಮಗುವಿಗೆ ಓದಿ ಹೇಳುವಂಥ ನಾಲ್ಕು ಪುಟ. ಸಂಪಾದಕರು ಮೊದಲ ಸಾಲಿಗೇ "ನಮ್ಮದಲ್ಲ" ಅಂದು ಪಕ್ಕಕ್ಕೆ ಎಸೆಯುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಆದರೆ ನಮ್ಮದಲ್ಲದಿದ್ದರೆ ಯಾರದ್ದು? ಆ ಪ್ರಶ್ನೆ ಅವಳ ತಲೆ ತಿನ್ನತೊಡಗಿತು.

ಬಸ್ ನಿಲ್ದಾಣದ ಪಕ್ಕ ಪತ್ರಿಕೆ ಮಾರುವವನ ಗೂಡಂಗಡಿ ಇತ್ತು. ಸಂಜೆ ಬಸ್ಸು ಬರುವ ತನಕ ಅಲ್ಲಿ ನಿಂತು ಸಿಕ್ಕಸಿಕ್ಕ ಪತ್ರಿಕೆಗಳ ಕೊನೆಯ ಪುಟ ತಿರುವತೊಡಗಿದಳು. ಎಲ್ಲರೂ ಮುಖಪುಟ ನೋಡಿದರೆ ಇವಳು ನೋಡುತ್ತಿದ್ದದ್ದು ಸಣ್ಣ ಅಕ್ಷರದಲ್ಲಿ "ಬರಹಗಳಿಗೆ ಆಹ್ವಾನ" ಎಂದು ಇರುವ ಮೂಲೆ. "ಓದೋದಾದ್ರೆ ತಗೊಂಡು ಓದಿಯಮ್ಮ, ನನ್ನ ಅಂಗಡಿ ಏನು ಲೈಬ್ರರಿನಾ?" ಎಂದು ಅವನು ಗೊಣಗುವನು. ಇವಳು ನಕ್ಕು ಒಂದನ್ನು ಕೊಂಡು, ಮೂರನ್ನು ಓದಿ, ಬಸ್ಸು ಹತ್ತುವಳು.

ಮರುದಿನ ಆ ವಿಷಾದದ ಚೀಟಿಯ ಕೆಳಗೆ ನೀಲಿ ಶಾಯಿಯಲ್ಲಿ ಒಂದು ಸಾಲು ಸೇರಿಕೊಳ್ಳುತ್ತಿತ್ತು. "ಇರುವೆಯ ಪ್ರಬಂಧ ವಿಜ್ಞಾನ ಮಾಸಿಕಕ್ಕೆ ಚೆನ್ನಾಗಿ ಹೊಂದುತ್ತದೆ, ಎರಡು ಪುಟಕ್ಕೆ ಇಳಿಸಿ ಕಳಿಸಿ." "ನಾಟಕ ಸ್ಪರ್ಧೆಗೆ ಈ ತಿಂಗಳ ಕೊನೆಯವರೆಗೆ ಸಮಯವಿದೆ, ವಿಳಾಸ ಇದು." ಅಷ್ಟೇ. ಕೆಳಗೆ ಹೆಸರಿಲ್ಲ, ರುಜುವಿಲ್ಲ.

ಆ ಸಾಲು ತಲುಪಿದವರಲ್ಲಿ ಒಬ್ಬ ಕ್ರೇನು ನಡೆಸುವವನು. ಎತ್ತರದ ಕಟ್ಟಡಗಳನ್ನು ಕಟ್ಟುವ ಕಡೆ ಆಕಾಶಕ್ಕೆ ಏಣಿ ಹಾಕಿದಂತೆ ನಿಂತಿರುತ್ತದಲ್ಲ, ಆ ಕ್ರೇನಿನ ತುದಿಯ ಗೂಡಿನಲ್ಲಿ ದಿನವಿಡೀ ಕೂರುವ ಕೆಲಸ ಅವನದ್ದು. ಕೆಳಗಿನವರು ಕಬ್ಬಿಣ ಕಟ್ಟುವವರೆಗೆ ಅವನಿಗೆ ಬಿಡುವು. ಆ ಬಿಡುವಿನಲ್ಲಿ ಸುತ್ತಲಿನ ಮನೆಗಳ ಕಿಟಕಿಗಳಲ್ಲಿ ಕಂಡದ್ದನ್ನು ಬರೆಯುತ್ತಿದ್ದ. ಬಟ್ಟೆ ಒಣಹಾಕುತ್ತ ಯಾರಿಗೋ ಉತ್ತರ ಕೊಡುವಂತೆ ಒಬ್ಬಳೇ ಮಾತಾಡುವ ಹೆಂಗಸು. ತಾರಸಿಯ ಮೇಲೆ ಸೈಕಲ್ ಕಲಿಯುವ ಮುದುಕ. ಅವನು ಕಳಿಸಿದ್ದೆಲ್ಲ ವಾಪಸಾಗುತ್ತಿತ್ತು. ಸಂಪಾದಕರು ಒಮ್ಮೆ ಅಂಚಿನಲ್ಲಿ "ಕಥೆಯಲ್ಲಿ ಕಥೆಯೇ ಇಲ್ಲ" ಎಂದು ಗೀಚಿದ್ದರು. ಅದು ಸುಳ್ಳೂ ಅಲ್ಲ. ವಾಪಸಮ್ಮ ಅದನ್ನು ಮನೆಗೆ ಒಯ್ದು, ಗಂಡನ ಮುಂದೆ ಗಟ್ಟಿಯಾಗಿ ಓದಿದಳು.

ಗಂಡ ಸೋಫಾ ರಿಪೇರಿ ಮಾಡುವವನು. ಕೆಳಗೆ ಅವನ ಕಾರ್ಯಾಗಾರ, ಮೇಲೆ ಮನೆ. ಮನೆಯಲ್ಲಿ ಏನೇ ಅಡುಗೆ ಮಾಡಿದರೂ ಅದರ ಮೇಲೊಂದು ಗೋಂದಿನ ವಾಸನೆ. ಮಾತು ಕಮ್ಮಿ ಅವನದ್ದು. ಬಾಯಲ್ಲಿ ಸದಾ ಮೂರ್ನಾಲ್ಕು ಮೊಳೆ ಕಚ್ಚಿಕೊಂಡಿರುತ್ತಿದ್ದದ್ದೂ ಅದಕ್ಕೊಂದು ಕಾರಣ. ಅವಳು ಓದಿ ಮುಗಿಸಿದಾಗ ಮೊಳೆಗಳನ್ನು ಅಂಗೈಗೆ ಉಗುಳಿ, "ಇನ್ನೊಂದ್ಸಲ ಓದು" ಅಂದ.

"ಯಾಕೆ, ಅರ್ಥ ಆಗಲಿಲ್ವಾ?"

"ಆಯ್ತು. ಕೇಳೋಕೆ ಚೆನ್ನಾಗಿದೆ."

ಕೇಳುವುದಕ್ಕೆ! ವಾಪಸಮ್ಮನ ಕಿವಿ ನಿಮಿರಿತು. ರೇಡಿಯೋದಲ್ಲಿ ಬೆಳಗ್ಗೆ ಐದು ನಿಮಿಷದ ಒಂದು ಮಾತಿನ ಕಾರ್ಯಕ್ರಮ ಬರುತ್ತಿತ್ತು. ಮರುದಿನ ಅಲ್ಲಿಗೆ ಫೋನು ಹಚ್ಚಿ, ಯಾರಿಗೆ ಕಳಿಸಬೇಕು, ಎಷ್ಟು ಉದ್ದ ಇರಬೇಕು ಎಂದೆಲ್ಲ ಕೇಳಿಕೊಂಡು, ಚೀಟಿಯ ಕೆಳಗೆ ಬರೆದಳು: "ಇದು ಕಣ್ಣಿಗಲ್ಲ, ಕಿವಿಗೆ. ರೇಡಿಯೋಗೆ ಕಳಿಸಿ."

ಕೆಲವು ವಾರಗಳಾದ ಮೇಲೆ ಬಿಸಿಲಿಗೆ ಸುಟ್ಟು ಕಪ್ಪಾದ ಒಬ್ಬ ಆಳು ಮೆಟ್ಟಿಲು ಹತ್ತಿ ಬಂದು ಕಚೇರಿಯ ನಡುವೆ ನಿಂತ. ಅಷ್ಟೆತ್ತರದಲ್ಲಿ ಕೂತು ಕೂತು ಅವನಿಗೆ ನೆಲದ ಮೇಲಿನವರೊಂದಿಗೂ ಕೂಗಿ ಮಾತಾಡುವ ಅಭ್ಯಾಸ. "ನೀಲಿ ಶಾಯಿಯಲ್ಲಿ ಬರೆಯೋರು ಯಾರ್ರೀ ಇಲ್ಲಿ? ನನ್ನ ಮಾತು ರೇಡಿಯೋದಲ್ಲಿ ಬಂತು! ಇನ್ನೂ ಬರೀರಿ ಅಂದಿದ್ದಾರೆ!" ಎಂದು ಇಡೀ ಕಚೇರಿಗೆ ಕೇಳುವಂತೆ ಹೇಳಿದ.

ಸಂಪಾದಕರ ಕೋಣೆಯ ಬಾಗಿಲು ತೆರೆಯಿತು.

ಸಂಪಾದಕರು ಕೆಟ್ಟವರಲ್ಲ. ಭಾಷೆಯ ವಿಷಯದಲ್ಲಿ ಕಟ್ಟುನಿಟ್ಟು, ವಿಶೇಷಣ ಕಂಡರೆ ಕಳೆ ಕಿತ್ತಂತೆ ಕೀಳುವ ಮನುಷ್ಯ. ಕ್ರೇನಿನವನು ಹೋದ ಮೇಲೆ ವಾಪಸಮ್ಮನನ್ನು ಕರೆಸಿದರು.

"ಏನಮ್ಮ ಇದು? ನಾವು ಅಂಗಡಿ ಇಟ್ಟಿರೋದು ಪಕ್ಕದ ಅಂಗಡಿಗೆ ಗಿರಾಕಿ ಕಳಿಸೋಕಾ?"

"ನಮಗೆ ಬೇಡ ಅಂದದ್ದನ್ನೇ ಕಳಿಸಿದ್ದು ಸರ್."

"ಬೇಡ ಅಂದ್ರೆ ಬೇಡ, ಅಷ್ಟೇ. ಆಮೇಲೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ನಮ್ಮ ತಲೆನೋವಲ್ಲ."

"ನನಗೆ ತಲೆನೋವಾಗುತ್ತೆ ಸರ್," ಅಂದಳು ವಾಪಸಮ್ಮ. ಎದುರುತ್ತರ ಕೊಡುವ ಧಾಟಿಯಲ್ಲಿ ಅಲ್ಲ, ನಿಜವಾಗಿಯೂ ತಲೆನೋವಾಗುತ್ತದೆ ಎಂಬಂತೆ.

ಸಂಪಾದಕರು ಕನ್ನಡಕ ಒರೆಸಿಕೊಂಡರು. ಕೊನೆಗೆ, "ಆಫೀಸಿನ ಚೀಟಿಯಲ್ಲಿ ಬರೀಬೇಡಿ" ಅಂದರು.

"ಸರಿ ಸರ್. ಆಫೀಸಿನ ಚೀಟಿಯಲ್ಲಿ ಬರೆಯಲ್ಲ."

ಅಂದಿನಿಂದ ಅವಳು ಮನೆಯಲ್ಲಿ ಕೂತು ತಾನೇ ಕೊಂಡ ಅಂಚೆ ಕಾರ್ಡುಗಳಲ್ಲಿ, ಮೂಲೆಯಲ್ಲಿ ಮನೆಯ ವಿಳಾಸ ಹಾಕಿ, ಬರೆಯತೊಡಗಿದಳು. ಅದು ಸಂಪಾದಕರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ಆಮೇಲೆ ವಾರಪತ್ರಿಕೆಯೇ ನಿಂತುಹೋಯಿತು. ಓದುವವರು ಕಮ್ಮಿಯಾಗಿ, ಪುಟಗಳು ಕಮ್ಮಿಯಾಗಿ, ಕೊನೆಗೆ ಮಾಲೀಕರು ಬಾಗಿಲು ಎಳೆದರು. ಕಚೇರಿಯವರು ದಿಕ್ಕಿಗೊಬ್ಬರಾದರು. ವಾಪಸಮ್ಮ ತನ್ನ ಪ್ಲಾಸ್ಟಿಕ್ ಹಾಳೆ ಮಡಚಿಕೊಂಡು ಮನೆಗೆ ಬಂದಳು. ಇನ್ನು ಗಂಡನ ಜೊತೆ ಕೂತು ದಿಂಬಿನ ಗವಸು ಹೊಲಿದುಕೊಂಡು ಇದ್ದರಾಯಿತು ಎಂದುಕೊಂಡಳು.

ಹಾಗಾಗಲಿಲ್ಲ. ಅವಳ ಕಾರ್ಡು ಸಿಕ್ಕವರು ವಿಳಾಸ ಹುಡುಕಿಕೊಂಡು ಬರತೊಡಗಿದರು. ಬಂದವರಿಗೆ ಕೂರಲು ಜಾಗವೆಲ್ಲಿ? ಕಾರ್ಯಾಗಾರದಲ್ಲಿ ಬಟ್ಟೆ ಬಿಚ್ಚಿದ ಸೋಫಾಗಳು, ಸ್ಪ್ರಿಂಗು ಹೊರಚಾಚಿದ ಕುರ್ಚಿಗಳು. ಕವಿಗಳು ಎಚ್ಚರದಿಂದ ಸ್ಪ್ರಿಂಗುಗಳ ನಡುವೆ ಕೂತು ಕವಿತೆ ತೆಗೆಯುತ್ತಿದ್ದರು.

ಇದರಿಂದ ಕೆರಳಿದವರು ಅತ್ತೆ. ಗಂಡನ ತಾಯಿ, ಅಂಗಡಿಯ ಬಾಗಿಲಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂರುವವರು. ಯಾರು ಬಂದರು, ಯಾರು ಹೋದರು ಎಲ್ಲ ಅವರ ಕಣ್ಣಳತೆಯಲ್ಲೇ. "ಏನಮ್ಮ ಇದು, ಬರೋರೆಲ್ಲ ಬರಿಗೈಯಲ್ಲಿ ಬರ್ತಾರೆ. ಒಬ್ಬನಾದ್ರೂ ಒಂದು ಹರಿದ ಕುರ್ಚಿ ತರಬಾರದಾ?" ಎಂದು ಸೊಸೆಗೆ ಹೇಳುವರು. ಬಂದವರನ್ನೇ ತಡೆದು ವಿಚಾರಿಸುವುದೂ ಉಂಟು. "ನೀನು ಕಥೆಯವನಾ, ಸೋಫಾದವನಾ?" ಕಥೆಯವನು ಎಂದರೆ ಮುಖ ತಿರುಗಿಸಿ, "ಒಳಗೆ ಹೋಗು, ಇದ್ದಾಳೆ" ಅನ್ನುವರು.

ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳಿ ಹೇಳಿ ವಾಪಸಮ್ಮನ ಗಂಟಲು ಕಟ್ಟಿತು. ಹಾಗಾಗಿ ಶುರುವಾದದ್ದು ಸೋಮವಾರದ ಹಾಳೆ. ಒಂದೇ ಹಾಳೆ, ಎರಡೂ ಬದಿ, ಜೆರಾಕ್ಸ್ ಮಾಡಿಸಿದ್ದು. ಯಾವ ಪತ್ರಿಕೆಗೆ ಏನು ಬೇಕು, ಯಾವ ಸ್ಪರ್ಧೆಗೆ ಕೊನೆಯ ದಿನ ಯಾವುದು, ಬರೆಯಬಲ್ಲವರಿಗೆ ಎಲ್ಲಿ ಕೆಲಸವಿದೆ, ಇಷ್ಟೇ. ಮುಂದೆ ಕಾಲ ಬದಲಾದಾಗ ಅದು ಮೊಬೈಲಿಗೂ ಬಂತು. ಆದರೆ ಹೆಸರು ಮಾತ್ರ ಸೋಮವಾರದ ಹಾಳೆಯೇ.

ಹಾಳೆ ಚಿಕ್ಕದು, ಅದರ ಹಿಂದಿನ ಕೆಲಸ ಚಿಕ್ಕದಲ್ಲ. ಎಲ್ಲೋ ಓದಿದ್ದನ್ನು ನಕಲು ಮಾಡಿ ಹಾಕುವುದು ಅವಳ ಜಾಯಮಾನವಲ್ಲ. ಪ್ರತಿಯೊಂದು ಕಡೆಗೂ ತಾನೇ ಫೋನು ಮಾಡುವಳು. ಪತ್ರಿಕೆಯವರನ್ನು "ನಿಮಗೆ ಎಂಥದ್ದು ಬೇಕು?" ಎಂದು ಕೇಳಿದರೆ "ಒಳ್ಳೆಯದು ಬೇಕು" ಅನ್ನುತ್ತಾರೆ. ಅದರಿಂದ ಯಾರಿಗೇನು ಪ್ರಯೋಜನ? ಆದ್ದರಿಂದ ಅವಳು ಬೇರೆ ಥರ ಕೇಳುವಳು. "ಯಾವುದನ್ನ ಓದಿ ಓದಿ ನಿಮಗೆ ಸಾಕಾಗಿದೆ?" ಆಗ ನೋಡಬೇಕು, ಎಂಥ ಗಂಭೀರ ಸಂಪಾದಕನೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡುತ್ತಿದ್ದ. "ಅಯ್ಯೋ, ಕನಸಿನಿಂದ ಎದ್ದು ಮುಗಿಯೋ ಕಥೆಗಳು! ಚಂದ್ರನ ಮೇಲೆ ಕವನ! ದಯವಿಟ್ಟು ಸಾಕು ಅಂತ ಹೇಳಿ." ಅವಳು ಹೇಳುವಳು. ಹಾಳೆಯಲ್ಲಿ ಆ ಪತ್ರಿಕೆಯ ಮುಂದೆ "ಸದ್ಯಕ್ಕೆ ಚಂದ್ರ ಬೇಡ" ಎಂದಿರುತ್ತಿತ್ತು.

ಸ್ಪರ್ಧೆಗಳವರನ್ನು ಕೇಳುವ ಪ್ರಶ್ನೆಗಳು ಬೇರೆ. ತೀರ್ಪುಗಾರರು ಯಾರು? ಹೋದ ವರ್ಷ ಗೆದ್ದವರಿಗೆ ಬಹುಮಾನ ತಲುಪಿತೇ? ಗೆಲ್ಲದ ಬರಹವನ್ನು ಬೇರೆಡೆ ಕಳಿಸಬಹುದೇ? ಕೆಲಸಗಳ ವಿಷಯದಲ್ಲಂತೂ ಅವಳ ಮೂಗು ಎಲ್ಲೆಲ್ಲೋ ತೂರುತ್ತಿತ್ತು. ಬರೆಯುವುದೆಂದರೆ ಕಥೆ ಕವನ ಮಾತ್ರ ಎಂದು ಬರೆಯುವವರೇ ತಿಳಿದುಕೊಂಡಿದ್ದರು. ಅವಳಿಗೆ ಕಂಡದ್ದು ಬೇರೆ. ಆಟಿಕೆ ತಯಾರಿಸುವವರಿಗೆ ಹೊಸ ಆಟದ ನಿಯಮಗಳನ್ನು ಮಕ್ಕಳಿಗೆ ತಿಳಿಯುವಂತೆ ಬರೆದುಕೊಡುವವರು ಬೇಕು. ವಸ್ತು ಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯ ಕೆಳಗೆ ಎರಡು ಸಾಲು ಬರೆಯುವವರು ಬೇಕು. ಕಣ್ಣು ಕಾಣದವರಿಗೆ ಸಿನಿಮಾದ ದೃಶ್ಯವನ್ನು ಮಾತಿನಲ್ಲಿ ಹೇಳುವವರು ಬೇಕು. ಬೀಜದ ಕಂಪನಿಯವರಿಗೆ ಪೊಟ್ಟಣದ ಹಿಂಭಾಗಕ್ಕೂ ಯಾರಾದರೂ ಬೇಕು. "ಪೊಟ್ಟಣದ ಹಿಂದೆ ಬರೆಯೋದಾ?" ಎಂದು ಒಬ್ಬ ಕವಿ ಮೂಗು ಮುರಿದಾಗ ಅವಳು, "ಓದೋರು ಜಾಸ್ತಿ ಅಲ್ಲಿ. ಯೋಚನೆ ಮಾಡಿ" ಅಂದಳು. ಅವನು ಯೋಚಿಸಿದ. ಹೋದ. ಬೀಜ ಬಿತ್ತುವ ವಿಧಾನವನ್ನು ಎಷ್ಟು ಚೆಂದ ಬರೆದನೆಂದರೆ ಕಂಪನಿಯವರು ಅವನನ್ನು ಬಿಡಲೇ ಇಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಹಳೆಯ ಸಂಪಾದಕರು ಬಂದು ನಿಂತರು. ಅಂಗಿಗೆ ಇಸ್ತ್ರಿ ಇತ್ತು, ಮುಖದಲ್ಲಿ ಮೊದಲಿನ ಬಿಗಿ ಇರಲಿಲ್ಲ. "ಕಥೆಯವರಾ, ಸೋಫಾದವರಾ?" ಎಂದು ಅತ್ತೆ ಕೇಳಿದ್ದಕ್ಕೆ "ಎರಡೂ ಅಲ್ಲ" ಅಂದರು. ಅತ್ತೆಗೆ ಇದು ಹೊಸ ಜಾತಿ. ಎದ್ದು ದಾರಿ ಬಿಟ್ಟರು.

ಒಳಗೆ ಬಂದು, ಸ್ಪ್ರಿಂಗಿಲ್ಲದ ಜಾಗ ನೋಡಿ ಕೂತು, ಕುಶಲೋಪರಿಯೆಲ್ಲ ಮುಗಿದ ಮೇಲೆ ಸಂಪಾದಕರು ಗಂಟಲು ಸರಿಮಾಡಿಕೊಂಡರು. "ನನ್ನ ಪರಿಚಯದವರೊಬ್ಬರಿದ್ದಾರೆ. ಅವರಿಗೊಂದು ಕೆಲಸ ಬೇಕಾಗಿತ್ತು."

"ಓದಿದವರಾ ಸರ್?"

"ಓದಿದ್ದಾರೆ. ಪತ್ರಿಕೆಯಲ್ಲಿ ಅನುಭವ ಇದೆ."

"ವಯಸ್ಸು?"

"ಹೆಚ್ಚು ಕಡಿಮೆ ನನ್ನಷ್ಟೇ."

ವಾಪಸಮ್ಮ ತಲೆಯೆತ್ತದೆ ಬರೆದುಕೊಳ್ಳುತ್ತ ಹೋದಳು. ಗುರುತು ಸಿಕ್ಕಿತೆಂದು ಒಂದು ಹುಬ್ಬಿನಿಂದಲೂ ತೋರಗೊಡಲಿಲ್ಲ. "ಅವರು ತುಂಬಾ ಉದ್ದ ಬರೆಯೋರಾ, ಚುಟುಕಾಗಿ ಬರೆಯೋರಾ?"

"ಅನವಶ್ಯಕ ಪದ ಕಂಡ್ರೆ ಅವರಿಗೆ ಆಗಲ್ಲ," ಅಂದರು ಸಂಪಾದಕರು, ಮೊದಲ ಬಾರಿಗೆ ಸ್ವಲ್ಪ ನೆಟ್ಟಗೆ ಕೂತು.

"ಹಾಗಿದ್ರೆ ಒಂದಿದೆ ಸರ್. ದೊಡ್ಡಾಸ್ಪತ್ರೆಯವರು ಕೇಳ್ತಿದ್ದಾರೆ. ಆಪರೇಷನ್ ಆದವರನ್ನ ಮನೆಗೆ ಕಳಿಸುವಾಗ ಏನು ತಿನ್ನಬೇಕು, ಗಾಯ ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಹಾಳೆ ಕೊಡ್ತಾರೆ. ಅದು ಯಾರಿಗೂ ಅರ್ಥ ಆಗ್ತಿಲ್ಲವಂತೆ. ಎಲ್ಲ ಕಾಯಿಲೆದೂ ಹೊಸದಾಗಿ ಬರೆಸಬೇಕಂತೆ. ನಿಮ್ಮ ಪರಿಚಯದವರಿಗೆ ಇಷ್ಟ ಆಗಬಹುದಾ, ಕೇಳಿ ನೋಡಿ."

ಸಂಪಾದಕರು ವಿಳಾಸದ ಚೀಟಿಯನ್ನು ಜೇಬಿಗಿಟ್ಟು ಎದ್ದರು. ಬಾಗಿಲ ತನಕ ಹೋದವರು ತಿರುಗಿ ಬಂದು, "ಅದು ನಾನೇ ಕಣಮ್ಮ" ಅಂದರು.

"ನನಗೆ ಗೊತ್ತಿಲ್ಲದೇ ಇರುತ್ತಾ ಸರ್? ಟೀ ಕುಡಿದು ಹೋಗಿ."

ಆಸ್ಪತ್ರೆಯ ಕೆಲಸ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. "ಗಾಯ ಒದ್ದೆಯಾಗಬಾರದು" ಎಂಬ ಒಂದು ಸಾಲಿಗೆ ಅವರು ಅರ್ಧ ದಿನ ಕೂತದ್ದುಂಟಂತೆ. ಆದರೆ ಆ ಸಾಲು ಓದಿದವರಲ್ಲಿ ಒಬ್ಬರಾದರೂ ಗಾಯ ಒದ್ದೆ ಮಾಡಿಕೊಂಡು ಬಂದದ್ದಿಲ್ಲವೆಂದು ದಾದಿಯರು ಹೊಗಳುತ್ತಿದ್ದರು.

ಇಷ್ಟೆಲ್ಲ ಸರಾಗವಾಗಿ ನಡೆಯುತ್ತಿದ್ದಾಗ ಅವಳು ಒಂದು ಕಡೆ ಎಡವಿದಳು.

ಹೊಸದಾಗಿ ಹುಟ್ಟಿಕೊಂಡ ಪ್ರಕಾಶನದವನೊಬ್ಬ ದೊಡ್ಡ ಕಥಾಸ್ಪರ್ಧೆ ಘೋಷಿಸಿದ. ಅವಳು ಫೋನು ಮಾಡಿದಳು. ಎತ್ತಿದವನ ಮಾತು ಜೇನಿನಲ್ಲಿ ಅದ್ದಿ ತೆಗೆದಂತಿತ್ತು. ತೀರ್ಪುಗಾರರ ಹೆಸರು ಹೇಳಿದ. ಕಥೆಯ ಹಕ್ಕು ಬರೆದವರದ್ದೇ ಎಂದ. ಹೋದ ವರ್ಷದ ಮಾತು ಕೇಳೋಣವೆಂದರೆ ಹೋದ ವರ್ಷ ಸ್ಪರ್ಧೆಯೇ ಇರಲಿಲ್ಲ. ಎಂದೂ ಮಾಡದ ಕೆಲಸವನ್ನು ಅವಳು ಅಂದು ಮಾಡಿದಳು. ಆ ತೀರ್ಪುಗಾರರಿಗೆ ಒಮ್ಮೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳದೆ, ಸ್ಪರ್ಧೆಯನ್ನು ಹಾಳೆಯ ಮೇಲ್ತುದಿಯಲ್ಲೇ ಹಾಕಿದಳು. ಅವಳ ಹಾಳೆಯಲ್ಲಿ ಬಂದದ್ದೆಂದರೆ ಮುಗಿಯಿತು. ಎಲ್ಲರೂ ತಮ್ಮ ತಮ್ಮ ಅತ್ಯುತ್ತಮ ಕಥೆ ತೆಗೆದು ಕಳಿಸಿದರು.

ಫಲಿತಾಂಶ ಬರಲಿಲ್ಲ. ಪುಸ್ತಕ ಬಂತು. ದಪ್ಪ ರಟ್ಟಿನ ಕಥಾಸಂಕಲನ, ಮೇಲೆ ಪ್ರಕಾಶಕನ ಹೆಸರು ಮಾತ್ರ, ಸಂಗ್ರಹಿಸಿದವರು ಎಂದು. ಒಳಗಿನ ಒಂದು ಕಥೆಗೂ ಬರೆದವರ ಹೆಸರಿಲ್ಲ.

ಅದನ್ನು ಮೊದಲು ತಂದು ತೋರಿಸಿದವನು ಕ್ರೇನಿನವನು. ಬಟ್ಟೆ ಒಣಹಾಕುವ ಹೆಂಗಸಿನ ಆ ಹಳೆಯ ಬರಹವನ್ನು ಅವನು ವರ್ಷಗಟ್ಟಲೆ ತಿದ್ದಿ ತೀಡಿ ಕೊನೆಗೂ ಕಥೆ ಮಾಡಿದ್ದ. ಈಗ ಅದು ಪುಸ್ತಕದ ನಡುವೆ ಯಾರದೋ ಮಗುವಿನಂತೆ ಬಿದ್ದಿತ್ತು. ಅವನು ಕೂಗಾಡಲಿಲ್ಲ. ಸದಾ ಕೂಗಿ ಮಾತಾಡುವವನು ಅಂದು ಎಷ್ಟು ಮೆಲ್ಲಗೆ ಮಾತಾಡಿದನೆಂದರೆ ವಾಪಸಮ್ಮನಿಗೆ ಅದೇ ಎದೆಗೆ ಚುಚ್ಚಿತು.

"ನಿಮ್ಮ ತಪ್ಪಲ್ಲ ಅಕ್ಕ. ಅವನು ಹೀಗೆ ಮಾಡ್ತಾನೆ ಅಂತ ಯಾರಿಗೆ ಗೊತ್ತಿತ್ತು?"

"ನನಗೆ ಗೊತ್ತಿರಬೇಕಿತ್ತು. ಗೊತ್ತು ಮಾಡ್ಕೊಳ್ಳೋದೇ ನನ್ನ ಕೆಲಸ ಅಲ್ವಾ?"

ಅಂದು ಅವಳು, ಹಾಳೆ ನಿಲ್ಲಿಸಿಬಿಡುತ್ತೇನೆ, ಇನ್ನು ಯಾರ ಉಸಾಬರಿಯೂ ಬೇಡ ಎಂದು ಗಂಡನ ಮುಂದೆ ಕಣ್ಣೊರೆಸಿಕೊಂಡಳು. ಅವನು ಕುರ್ಚಿಯೊಂದರ ಬೆನ್ನಿಗೆ ಬಟ್ಟೆ ಎಳೆಯುತ್ತಿದ್ದವನು ಕೆಲಸ ನಿಲ್ಲಿಸಿದ. "ಬಟ್ಟೆ ಸೊಟ್ಟ ಕೂತ್ರೆ ನಾನೇನು ಅಂಗಡಿ ಮುಚ್ತೀನಾ? ಬಿಚ್ಚಿ, ಮತ್ತೆ ಹೊಡೀತೀನಿ. ನಾಳೆ ಆ ಮನುಷ್ಯನ ಆಫೀಸಿಗೆ ಹೋಗು."

"ಹೋಗಿ ಏನು ಮಾಡ್ಲಿ?"

"ಕೂತ್ಕೋ," ಅಂದ ಗಂಡ. ಮತ್ತೆ ಮೊಳೆ ಬಾಯಿಗೆ ಹಾಕಿಕೊಂಡ.

ಮೊದಲು ಅವಳು ಮಾಡಿದ ಕೆಲಸ ಬೇರೆ. ಆ ಸ್ಪರ್ಧೆಗೆ ಕಥೆ ಕಳಿಸಿದ ಒಬ್ಬೊಬ್ಬರ ಮನೆಗೂ ಹೋಗಿ, ಬಾಗಿಲಲ್ಲಿ ನಿಂತು, ಹೀಗೆ ಹೀಗಾಗಿದೆ, ವಿಚಾರಿಸದೆ ಹಾಕಿದ್ದು ನಾನು ಎಂದು ಹೇಳಿದಳು. ಕೆಲವರು ಒಳಗೆ ಕರೆದರು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಳು, ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಬರೆಯುವವಳು, ಬಾಯಿಗೆ ಬಂದಂತೆ ಬೈದಳು. ವಾಪಸಮ್ಮ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, "ನಿಮ್ಮ ಕಥೆಯ ಒಂದು ಪ್ರತಿ ಇದ್ರೆ ಕೊಡಿ, ಅಲ್ಲಿ ತೋರಿಸಬೇಕು" ಅಂದಳು. ಬೈದವಳೂ ಕೊಟ್ಟಳು.

ಪ್ರಕಾಶನದ ಕಚೇರಿಗೆ ಹೊರಟ ಬೆಳಗ್ಗೆ ಅತ್ತೆ ತಾವೂ ಚಪ್ಪಲಿ ಮೆಟ್ಟಿ ಮೆಟ್ಟಿಲ ಬಳಿ ನಿಂತಿದ್ದರು.

"ನೀವೆಲ್ಲಿಗೆ ಅತ್ತೆ?"

"ಇಷ್ಟು ವರ್ಷ ನನ್ನ ಬಾಗಿಲು ದಾಟಿ ಒಳಗೆ ಹೋದ ಮಕ್ಕಳು ಅವರೆಲ್ಲ. ಅವರ ಹೆಸರು ಅಳಿಸಿದವನ ಮುಖ ನಾನೂ ನೋಡ್ಬೇಕು."

ಬರಿಗೈಯವರು ಎಂದು ಹಂಗಿಸುತ್ತಿದ್ದವರು ಅತ್ತೆಯ ಬಾಯಲ್ಲಿ ಯಾವಾಗ ಮಕ್ಕಳಾದರೋ ವಾಪಸಮ್ಮನಿಗೆ ತಿಳಿಯಲಿಲ್ಲ.

ಪ್ರಕಾಶಕನ ಸ್ವಾಗತ ಕೋಣೆ ಅಂದವಾಗಿತ್ತು. ಗಾಜಿನ ಮೇಜು, ಮೇಜಿನ ಹಿಂದೆ ಒಬ್ಬ ಹುಡುಗಿ, ಎದುರಿಗೆ ಉದ್ದನೆಯ ಸೋಫಾ. "ಸಾರ್ ಬಿಜಿ ಇದ್ದಾರೆ" ಎಂದಳು ಹುಡುಗಿ. "ಇರಲಿ, ಕಾಯ್ತೀವಿ" ಎಂದು ಅತ್ತೆ ಸೊಸೆ ಇಬ್ಬರೂ ಕೂತರು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಸಾರ್ ಬಿಜಿಯೇ ಇದ್ದರು. ಮರುದಿನ ಮತ್ತೆ ಬಂದು ಕೂತರು. ಅದರ ಮರುದಿನವೂ. ಕೆಲಸವಿಲ್ಲದೆ ಕೂತ ಅತ್ತೆ ಸೋಫಾ ಪರೀಕ್ಷೆಗೆ ತೊಡಗಿದರು. ಮೆತ್ತೆ ಎತ್ತಿ ನೋಡಿದರು, ಅಂಚು ಎಳೆದು ನೋಡಿದರು. ಪುಸ್ತಕ ಕೊಳ್ಳಲು ಬಂದ ಅಂಗಡಿಯವರು, ಚಿತ್ರ ಬರೆಯುವವರು, ಯಾರು ಬಂದರೂ ಅವರಿಗೆ ಕೇಳುವಂತೆ, "ಮೇಲೆ ನೋಡೋಕೆ ಚೆಂದ, ಒಳಗೆ ಎಲ್ಲ ಹಳೇ ಚಿಂದಿ ತುಂಬಿದ್ದಾರೆ. ಬೇರೆಯವರ ಚಿಂದಿ" ಅನ್ನುತ್ತಿದ್ದರು. ಯಾಕೆ ಬಂದಿದ್ದೀರಿ ಎಂದು ಕೇಳಿದವರಿಗೆ ಪೂರ್ತಿ ಕಥೆಯನ್ನೂ ಹೇಳುತ್ತಿದ್ದರು. ಸ್ವಾಗತದ ಹುಡುಗಿ ಮೊದಲು ಮುಖ ಗಂಟಿಕ್ಕಿಕೊಂಡಿದ್ದವಳು ಕೊನೆಗೆ ಅವರಿಗೆ ನೀರು ತಂದುಕೊಡತೊಡಗಿದಳು.

ಹೀಗಿರುವಾಗ ಒಂದು ಬೆಳಗ್ಗೆ ಆ ಸೋಫಾದ ಮೇಲೆ ಮೂರನೆಯವರು ಬಂದು ಕೂತರು. ಇಸ್ತ್ರಿ ಮಾಡಿದ ಅಂಗಿಯ ಹಳೆಯ ಸಂಪಾದಕರು. ಆಸ್ಪತ್ರೆಗೆ ರಜೆ ಹಾಕಿ ಬಂದಿದ್ದರು.

"ಸರ್, ನೀವ್ಯಾಕೆ?"

"ಆ ಪುಸ್ತಕದಲ್ಲಿ ನಾನು ಅವತ್ತು ವಾಪಸ್ ಕಳಿಸಿದ ಬರಹಗಳೇ ಒಂದಷ್ಟು ಇವೆಯಮ್ಮ. ತಿದ್ದಿದ್ದಾರೆ, ಆದ್ರೂ ಗುರುತು ಸಿಕ್ಕಿತು. ಯಾರು ಬರೆದದ್ದು ಅಂತ ನಾನು ಎಲ್ಲಿ ಬೇಕಾದ್ರೂ ಹೇಳಬಲ್ಲೆ. ದಿನಪತ್ರಿಕೆಯಲ್ಲಿ ಇವತ್ತಿಗೂ ನನ್ನ ನಾಲ್ಕು ಜನ ಶಿಷ್ಯರಿದ್ದಾರೆ. ಅವರಿಗೂ ಹೇಳಬಲ್ಲೆ." ಕೊನೆಯ ಮಾತನ್ನು ಒಳಗಿನ ಕೋಣೆಗೆ ಕೇಳುವಷ್ಟು ಎತ್ತರಿಸಿ ಹೇಳಿದರು.

ಒಳಗಿನ ಬಾಗಿಲು ತೆರೆಯಿತು. ಬಿಜಿಯಾಗಿದ್ದ ಸಾರ್ ಹೊರಬಂದ. ನೋಡಿದರೆ ಅವನೂ ಅಂಥ ಗಟ್ಟಿ ಆಳೇನಲ್ಲ. ಸಾಲ ಸೋಲ ಮಾಡಿ ಪ್ರಕಾಶನ ಶುರು ಮಾಡಿ, ಬಹುಮಾನ ಕೊಡಲಾರದೆ ಅಡ್ಡದಾರಿ ಹಿಡಿದವನು. ಜೇನಿನ ಮಾತಿನಲ್ಲೇ ತಪ್ಪಿಸಿಕೊಳ್ಳಲು ನೋಡಿದ. ವಾಪಸಮ್ಮ ಅವನೊಂದಿಗೆ ಜಗಳಕ್ಕೆ ನಿಲ್ಲಲಿಲ್ಲ. ಪ್ರತಿಯೊಬ್ಬರ ಕಥೆಯ ಪ್ರತಿಯನ್ನೂ ಗಾಜಿನ ಮೇಜಿನ ಮೇಲೆ ಒಂದೊಂದಾಗಿ ಇಡುತ್ತ, ಅದರ ಪಕ್ಕ ಅವನ ಪುಸ್ತಕದ ಪುಟ ತೆರೆದು ತೋರಿಸುತ್ತ ಹೋದಳು. "ಇದು ಇವರದ್ದು. ಇದು ಇವರದ್ದು. ಇದು ಕ್ರೇನಿನ ಮೇಲೆ ಕೂತು ಬರೆದದ್ದು." ಅರ್ಧ ಮೇಜು ತುಂಬುವಷ್ಟರಲ್ಲಿ ಅವನು, "ಸಾಕಮ್ಮ, ಏನು ಮಾಡಬೇಕು ಹೇಳಿ" ಅಂದ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಾರಾಟವಾದ ಪ್ರತಿಗಳು ಹೆಸರಿಲ್ಲದೆಯೇ ಎಲ್ಲೆಲ್ಲೋ ಹೋಗಿದ್ದವು. ಬಹುಮಾನ ಯಾರಿಗೂ ಬರಲಿಲ್ಲ. ಆದರೆ ಉಳಿದ ಪ್ರತಿಗಳಲ್ಲಿ ಪ್ರತಿ ಕಥೆಗೂ ಬರೆದವರ ಹೆಸರಿನ ಅಚ್ಚಾದ ಚೀಟಿ ಅಂಟಿತು, ಹಕ್ಕು ಅವರದ್ದೇ ಎಂದು ಬರಹದಲ್ಲಿ ಬಂತು. ಮುಂದಿನ ಸೋಮವಾರದ ಹಾಳೆಯಲ್ಲಿ ವಾಪಸಮ್ಮ ಮೊದಲು ಹಾಕಿದ್ದು ಸ್ಪರ್ಧೆಯ ಸುದ್ದಿಯಲ್ಲ, ತನ್ನ ತಪ್ಪಿನ ಸುದ್ದಿ. ಏನಾಯಿತು, ಎಲ್ಲಿ ವಿಚಾರಿಸಲಿಲ್ಲ ಎಂಬುದನ್ನು ಬಣ್ಣ ಬಳಿಯದೆ ಬರೆದಳು. ಇನ್ನು ಯಾರೂ ತನ್ನ ಹಾಳೆ ಮುಟ್ಟುವುದಿಲ್ಲವೆಂದು ಹೆದರಿದ್ದಳು. ಆ ವಾರ ಜೆರಾಕ್ಸಿನವನ ಹತ್ತಿರ ಎರಡನೆಯ ಸಲ ಹೋಗಬೇಕಾಯಿತು. ಬೈದಿದ್ದ ಹೊಲಿಗೆ ಕಾರ್ಖಾನೆಯವಳು ತನ್ನ ಜೊತೆಯವರಿಗೆಂದು ಒಂದು ಕಟ್ಟನ್ನೇ ಒಯ್ದಳು.

ಕ್ರೇನಿನವನ ಕಥೆಯನ್ನು ರೇಡಿಯೋದವರು ಓದಿದರು. ಅವನನ್ನು ಮೊದಲೇ ಬಲ್ಲವರು. ಮಾತಿನ ಕಾರ್ಯಕ್ರಮಕ್ಕೆ ಒಬ್ಬ ಬರಹಗಾರ ಬೇಕಾಗಿದ್ದಾನೆ, ಬರುತ್ತೀಯಾ ಎಂದು ಕೇಳಿದರು. ಅವನು ಬಾಲ ಸುಟ್ಟ ಬೆಕ್ಕಿನಂತೆ ಕಾರ್ಯಾಗಾರದ ತುಂಬ ಓಡಾಡಿದ. "ಅಕ್ಕ, ಮೇಲೆ ಇದ್ರೆ ಎಲ್ಲ ಕಾಣ್ಸುತ್ತೆ. ಕೆಳಗೆ ಇಳಿದ್ಮೇಲೆ ಏನು ಬರೀಲಿ ನಾನು?"

"ಕೆಳಗಿರೋರೂ ಏನೇನೋ ಬರೀತಾರಪ್ಪ," ಅಂದಳು ವಾಪಸಮ್ಮ. "ಇಳಿ ಅಂತ ನಾನು ಹೇಳಲ್ಲ. ಮೊದಲು ಒಂದು ತಿಂಗಳು ರಜೆ ಹಾಕಿ ಹೋಗಿ ನೋಡು. ಆಗದಿದ್ರೆ ಕ್ರೇನು ಎಲ್ಲಿಗೂ ಓಡಿಹೋಗಲ್ಲ." ತಿಂಗಳಾದ ಮೇಲೆ ಅವನು ಕ್ರೇನು ಹತ್ತಲಿಲ್ಲ. ಮೈಕಿನ ಮುಂದೆ ಕೂಗದೆ ಮಾತಾಡುವುದನ್ನು ಕಲಿಯಲು ಮಾತ್ರ ಇನ್ನೂ ಸ್ವಲ್ಪ ಕಾಲ ಹಿಡಿಯಿತು.

ಹಿರಿಯರು ತಮ್ಮ ಬಾಳಿನ ಒಂದು ಪ್ರಸಂಗ ಹೇಳುವ ಹೊಸ ಕಾರ್ಯಕ್ರಮ ಅವನದ್ದೇ ಯೋಚನೆ. ವಾಪಸಮ್ಮ ಅದನ್ನು ಹಾಳೆಯಲ್ಲಿ ಹಾಕಿದ ದಿನ ಅತ್ತೆ ಸ್ಟೂಲಿನಿಂದ ಎದ್ದು ಒಳಗೆ ಬಂದು, ಬಟ್ಟೆ ಮಡಚುವ ನೆಪದಲ್ಲಿ ಸುಳಿದಾಡಿದರು. "ಅದಕ್ಕೆ ಓದು ಬರಹ ಬರಬೇಕಾ?"

"ಬೇಡ ಅತ್ತೆ. ಬಾಯಿ ಇದ್ರೆ ಸಾಕು."

"ಅದು ಇದೆ," ಅಂದರು ಅತ್ತೆ.

ಪ್ರಸಾರವಾದ ಬೆಳಗ್ಗೆ ಕಾರ್ಯಾಗಾರದಲ್ಲಿ ಕೆಲಸ ನಿಂತಿತ್ತು. ಗಂಡ ಸುತ್ತಿಗೆ ಕೆಳಗಿಟ್ಟಿದ್ದ. ಅತ್ತೆ ಹೊಸ ಸೀರೆ ಉಟ್ಟು, ರೇಡಿಯೋದೊಳಗಿನವರಿಗೆ ತಾವು ಕಾಣುತ್ತೇವೆ ಎಂಬಂತೆ ನೆಟ್ಟಗೆ ಕೂತಿದ್ದರು. ಅವರು ಆರಿಸಿಕೊಂಡ ಪ್ರಸಂಗ ಪ್ರಕಾಶಕನ ಕಚೇರಿಯದ್ದು. ಅವರು ಹೇಳಿದ ಪ್ರಕಾರ, ಅನ್ಯಾಯದ ಸುದ್ದಿ ಕೇಳಿ ಕುದ್ದುಹೋದವರು ಅವರು. ಹೋಗೋಣ ನಡಿ ಎಂದು ಎಬ್ಬಿಸಿದವರು ಅವರು. ಸೋಫಾದ ಗುಟ್ಟು ರಟ್ಟುಮಾಡಿ ಪ್ರಕಾಶಕನ ಬೆವರಿಳಿಸಿದವರೂ ಅವರೇ. ಸಂಪಾದಕರು ಒಂದು ಸಾಲಿನಲ್ಲಿ ಬಂದುಹೋದರು. ಕೊನೆಗೆ, "ನನ್ನ ಜೊತೆ ನನ್ನ ಸೊಸೆನೂ ಇದ್ದಳು, ಪಾಪ, ಕಾಗದ ಎಲ್ಲ ಅವಳೇ ಹಿಡ್ಕೊಂಡಿದ್ದು" ಎಂದು ಮುಗಿಸಿದರು.

ವಾಪಸಮ್ಮ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಯಾಕೆ, ಏನಾದ್ರೂ ಬಿಟ್ಟುಹೋಯ್ತಾ?" ಎಂದು ಅತ್ತೆ ಅನುಮಾನದಿಂದ ಕೇಳಿದರು.

"ಏನೂ ಇಲ್ಲ ಅತ್ತೆ. ತುಂಬಾ ಚೆನ್ನಾಗಿತ್ತು."

ಗಂಡ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಸುತ್ತಿಗೆ ಕೈಗೆತ್ತಿಕೊಂಡ. ಹೊರಗೆ ಬಾಗಿಲ ಬಳಿ ಯಾರೋ ಕೆಮ್ಮಿದರು. ಅತ್ತೆ ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡು, ವಿಚಾರಿಸಿಕೊಳ್ಳಲು ತಾವೇ ಎದ್ದು ಹೋದರು.